ಬಕ್ಲಾವಾ, ಕುನಾಫಾ ತಿನ್ನಾಕ ಹೊರಟೀರಾ? ಕಲಬುರಗಿ, ಕಮಲಾಪುರದ ಗ್ರಾಹಕರು ಮತ್ತು ಅಂಗಡಿಕಾರರು ತಿಳಿದಿರಬೇಕಾದ ಸಂಗತಿಗಳು

ಕಲಬುರಗಿ: ಮಲಪುರಿ ತಿಂದು ಬೆಳೆದ ಊರಿನ ಹುಡುಗರು ಈಗ ಮೊಬೈಲ್‌ನಲ್ಲಿ ರೀಲ್ಸ್ ನೋಡಿ ‘ಕುನಾಫಾ ಎಲ್ಲಿ ಸಿಗ್ತದ?’ ಅಂತ ಕೇಳ್ತಾರೆ. ಬೆಂಗಳೂರು, ಹೈದರಾಬಾದ್‌ಗೆ ಹೋಗಿ ಬಂದವರ ಬ್ಯಾಗಿನಲ್ಲಿ ಬಕ್ಲಾವಾ ಡಬ್ಬಿ ಇರುತ್ತದೆ. ಗಲ್ಫ್‌ನಿಂದ ರಜೆಗೆ ಬರುವವರಂತೂ ಪಿಸ್ತಾ ತುಂಬಿದ ಚಾಕೊಲೇಟ್ ತರದೇ ಬರುವುದಿಲ್ಲ. ಟರ್ಕಿ ಮಿಠಾಯಿ ಎಂಬ ಬೋರ್ಡ್ ಕಂಡರೆ ಒಳಗೆ ಹೋಗಿ ಒಂದು ತುಂಡು ರುಚಿ ನೋಡೋಣ ಎನಿಸುವುದು ಸಹಜ.

ಆದರೆ ಇದು ಅಗ್ಗದ ತಿನಿಸಲ್ಲ. ಪಾವ್ ಕಿಲೋ ಬಕ್ಲಾವಾಕ್ಕೆ ಕೊಡುವ ದುಡ್ಡಿನಲ್ಲಿ ನಮ್ಮ ಸ್ವೀಟ್ ಮಾರ್ಟ್‌ನಲ್ಲಿ ಮನೆಮಂದಿಗೆಲ್ಲ ಆಗುವಷ್ಟು ಮಿಠಾಯಿ ಬರುತ್ತದೆ. ಹಾಗಿದ್ದ ಮೇಲೆ ಏನು ಕೊಳ್ಳುತ್ತಿದ್ದೇವೆ, ಪಿಸ್ತಾ ಅಂತ ಹಾಕಿದ್ದು ಖರೇ ಪಿಸ್ತಾನಾ, ತುಪ್ಪನಾ ಡಾಲ್ಡಾನಾ, ಕಮಲಾಪುರದ ಮನೆ ಮುಟ್ಟುವವರೆಗೆ ಕೆಡದೆ ಇರುತ್ತದಾ ಎಂಬುದನ್ನು ತಿಳಿದೇ ಹೋಗುವುದು ಒಳ್ಳೆಯದು. ಇಂಥ ಸರಕು ತಂದು ಮಾರಬೇಕು ಎಂದುಕೊಂಡಿರುವ ಅಂಗಡಿಕಾರರಿಗೂ ಬೇಕಾದ ಮಾಹಿತಿ ಇಲ್ಲಿದೆ.

ಯಾವುದು ಏನು? ನಮ್ಮ ಅಡುಗೆಮನೆ ಲೆಕ್ಕದಲ್ಲಿ

ಹೆಸರು ಹೊಸದಾದರೂ ಮಾಡುವ ರೀತಿ ನಮಗೆ ತೀರ ಹೊಸದಲ್ಲ.

ಬಕ್ಲಾವಾ: ನಮ್ಮ ಚಿರೋಟಿ ಗೊತ್ತಲ್ಲ, ಅದರ ದೂರದ ಸಂಬಂಧಿ ಎನ್ನಬಹುದು. ಮೈದಾ ಹಿಟ್ಟನ್ನು ಕಾಗದಕ್ಕಿಂತ ತೆಳ್ಳಗೆ ಲಟ್ಟಿಸಿ ಹಾಳೆ ಮಾಡುತ್ತಾರೆ. ಟರ್ಕಿಯಲ್ಲಿ ಈ ಹಾಳೆಗೆ ಯುಫ್ಕಾ ಎನ್ನುತ್ತಾರೆ. ಬೇಕರಿಯವರ ಬಾಯಲ್ಲಿ ಅದು ಫಿಲೋ ಶೀಟ್. ಹಾಳೆ ಮೇಲೆ ಹಾಳೆ, ನಡುವೆ ಕರಗಿಸಿದ ತುಪ್ಪ, ಮಧ್ಯದಲ್ಲಿ ಪುಡಿ ಮಾಡಿದ ಪಿಸ್ತಾ ಅಥವಾ ಅಕ್ರೋಟು. ಒಳ್ಳೆಯ ಬಕ್ಲಾವಾದಲ್ಲಿ 40ರಷ್ಟು ಪದರ ಇರುತ್ತವೆ. ಚಿರೋಟಿಯನ್ನು ಕರಿಯುತ್ತೇವೆ, ಬಕ್ಲಾವಾವನ್ನು ಓವನ್‌ನಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಸಕ್ಕರೆ ಪಾಕ ಸುರಿಯುತ್ತಾರೆ.

ಕುನಾಫಾ: ಇದು ಶ್ಯಾವಿಗೆ ಮನೆತನದ್ದು. ಕದಾಯಿಫ್ ಎಂಬ ಸಣ್ಣ ಎಳೆಯ ಶ್ಯಾವಿಗೆಯಂಥದ್ದನ್ನು ತುಪ್ಪದಲ್ಲಿ ಕಲಸಿ ತಟ್ಟೆಗೆ ಒತ್ತುತ್ತಾರೆ. ನಡುವೆ ಉಪ್ಪಿಲ್ಲದ ಚೀಸ್, ಮೇಲೆ ಮತ್ತೆ ಶ್ಯಾವಿಗೆ. ಎರಡೂ ಬದಿ ಕೆಂಪಗೆ ಬೇಯಿಸಿ, ಬಿಸಿ ಇರುವಾಗಲೇ ಪಾಕ ಹಾಕಿ, ಪಿಸ್ತಾ ಪುಡಿ ಉದುರಿಸಿ ಕೊಡುತ್ತಾರೆ. ಟರ್ಕಿಯ ಹತಾಯ್ ಪ್ರಾಂತ್ಯದಲ್ಲಿ ಇದಕ್ಕೆ ಕ್ಯುನೆಫೆ ಎಂದು ಹೆಸರು. ಪ್ಯಾಲೆಸ್ಟೀನಿನ ನಾಬ್ಲುಸ್ ಊರಿನ ಕುನಾಫಾ ಕೂಡ ಅಷ್ಟೇ ಹೆಸರುವಾಸಿ. ಆರಿದರೆ ಚೀಸ್ ರಬ್ಬರಿನಂತಾಗುತ್ತದೆ, ಹಾಗಾಗಿ ಇದನ್ನು ಅಂಗಡಿಯಲ್ಲೇ ಕೂತು ತಿನ್ನಬೇಕು.

ಲೋಕುಮ್: ಇಂಗ್ಲಿಷಿನವರು ಟರ್ಕಿಶ್ ಡಿಲೈಟ್ ಎಂದು ಕರೆಯುವುದು ಇದನ್ನೇ. ಸಕ್ಕರೆ, ಪಿಷ್ಟ ಸೇರಿಸಿ ಗಂಟೆಗಟ್ಟಲೆ ಕುದಿಸಿ, ಗುಲಾಬಿ ನೀರೋ ನಿಂಬೆಯೋ ಹಾಕಿ, ತುಂಡು ಕತ್ತರಿಸಿ ಪುಡಿ ಸಕ್ಕರೆಯಲ್ಲಿ ಹೊರಳಿಸುತ್ತಾರೆ. ನಮ್ಮಲ್ಲಿ ಸಿಗುವ ಜಿಗುಟು ಬಾಂಬೆ ಹಲ್ವಾ ತಿಂದವರಿಗೆ ಇದರ ಅಂದಾಜು ಸಿಗುತ್ತದೆ. ಅದೂ ಕಾರ್ನ್‌ಫ್ಲೋರ್‌ನದ್ದೇ. ಇಸ್ತಾಂಬುಲ್‌ನಲ್ಲಿ 1777ರಲ್ಲಿ ಶುರುವಾದ ಹಾಜಿ ಬೆಕಿರ್ ಅಂಗಡಿ ಲೋಕುಮ್‌ಗೆ ಇವತ್ತಿಗೂ ಹೆಸರುವಾಸಿ.

ರೇವಾನಿ ಎಂದರೆ ಪಾಕ ಕುಡಿದ ರವೆ ಕೇಕ್. ತುಲುಂಬಾ ಎಂದರೆ ಹಿಟ್ಟನ್ನು ಒತ್ತಿ ಕರಿದು ಪಾಕಕ್ಕೆ ಹಾಕಿದ್ದು, ಜಿಲೇಬಿ ಮತ್ತು ಗುಲಾಬ್ ಜಾಮೂನ್ ನಡುವಿನದು. ಸುತ್ಲಾಚ್ ಎಂದರೆ ಅಕ್ಕಿ ಖೀರು, ಮೇಲ್ಪದರವನ್ನು ಓವನ್‌ನಲ್ಲಿ ಕಂದಿಸಿರುತ್ತಾರೆ. ಉದ್ದ ಸಲಾಕೆ ಹಿಡಿದು ಕೋನ್ ಕೊಟ್ಟ ಹಾಗೆ ಮಾಡಿ ಮಕ್ಕಳನ್ನು ಸತಾಯಿಸುವ ಐಸ್‌ಕ್ರೀಮ್ ಇದೆಯಲ್ಲ, ಅದು ದೊಂಡುರ್ಮಾ.

ಇನ್ನು ‘ದುಬೈ ಚಾಕೊಲೇಟ್’. ಇದು ಟರ್ಕಿಯದ್ದಲ್ಲ. ದುಬೈನ ಒಂದು ಕಂಪನಿ 2021ರಲ್ಲಿ ಮಾಡಿದ ಚಾಕೊಲೇಟ್ ಇದು. 2023ರ ಕೊನೆಯಲ್ಲಿ ವಿಡಿಯೋ ಮೂಲಕ ಜಗತ್ತಿಗೆಲ್ಲ ಹಬ್ಬಿತು. ಒಳಗಿರುವುದು ಪಿಸ್ತಾ ಕ್ರೀಮು, ಎಳ್ಳಿನ ಪೇಸ್ಟು ಮತ್ತು ಅದೇ ಕುನಾಫಾದ ಶ್ಯಾವಿಗೆ.

ಟರ್ಕಿದಾ, ಅರಬ್ಬರದಾ?

ಈ ಜಗಳ ಅಲ್ಲೂ ಮುಗಿದಿಲ್ಲ. ಬಕ್ಲಾವಾ ನಮ್ಮದು ಎಂದು ಟರ್ಕಿ, ಗ್ರೀಸ್, ಸಿರಿಯಾ, ಲೆಬನಾನ್ ಎಲ್ಲರೂ ಹೇಳುತ್ತಾರೆ. ಒಂದು ಕಾಲಕ್ಕೆ ಇವೆಲ್ಲ ಒಟ್ಟೋಮನ್ ಸಾಮ್ರಾಜ್ಯದಲ್ಲೇ ಇದ್ದವು, ಅಡುಗೆಯೂ ಹಂಚಿಕೆಯಾಗಿದೆ. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ರಂಜಾನ್ ತಿಂಗಳ 15ನೇ ದಿನ ಸೈನಿಕರಿಗೆ ಬಕ್ಲಾವಾ ಹಂಚುವ ಪದ್ಧತಿ ಇತ್ತು. ಹತ್ತು ಜನ ಸೈನಿಕರಿಗೆ ಒಂದು ತಟ್ಟೆಯಂತೆ ಲೆಕ್ಕ, ತಟ್ಟೆ ಹೊತ್ತು ಮೆರವಣಿಗೆಯಲ್ಲಿ ಹೋಗುತ್ತಿದ್ದರು. 1826ರಲ್ಲಿ ಜಾನಿಸರಿ ಎಂಬ ಆ ಸೈನ್ಯವನ್ನೇ ಸುಲ್ತಾನರು ರದ್ದು ಮಾಡಿದರು, ಮೆರವಣಿಗೆಯೂ ನಿಂತಿತು.

ನಮ್ಮ ಕಡೆಗೂ ಒಂದು ಎಳೆ ಇದೆ. ಕಲಬುರಗಿ 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಾ ಮಸೀದಿ 1367ರದ್ದು. ಪಶ್ಚಿಮ ಏಷ್ಯಾದಿಂದ ವಿದ್ವಾಂಸರು, ಸೈನಿಕರು, ವ್ಯಾಪಾರಿಗಳು ದಖ್ಖನಿಗೆ ಬರುತ್ತಿದ್ದ ಕಾಲ ಅದು. ಆಮೇಲೆ 1948ರ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತಮ್ಮ ಇಬ್ಬರು ಮಕ್ಕಳಿಗೆ ಹೆಣ್ಣು ತಂದದ್ದು ಟರ್ಕಿಯ ರಾಜಮನೆತನದಿಂದ. ಕೊನೆಯ ಖಲೀಫ ಅಬ್ದುಲ್ ಮಜೀದ್ ಅವರ ಮಗಳು ದುರ್ರುಶೆಹವಾರ್ ಮತ್ತು ಅದೇ ಮನೆತನದ ನೀಲೋಫರ್ ಇಬ್ಬರ ಮದುವೆಯೂ 1931ರ ನವೆಂಬರ್‌ನಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ನಡೆಯಿತು. ನಮ್ಮ ಭಾಗದ ರೋಗಿಗಳು ಇಂದಿಗೂ ಮಕ್ಕಳನ್ನು ಕರೆದುಕೊಂಡು ಹೋಗುವ ಹೈದರಾಬಾದಿನ ನೀಲೋಫರ್ ಆಸ್ಪತ್ರೆಗೆ ಇರುವುದು ಆ ಸೊಸೆಯ ಹೆಸರೇ.

ಹಾಗಂತ ಬಕ್ಲಾವಾ ಆಗಲೇ ಕಲಬುರಗಿಗೆ ಬಂತು ಎಂದಲ್ಲ. ನಮ್ಮೂರ ಸಿಹಿ ಎಂದರೆ ಮಾವಾ, ಮೈದಾ ಕಲಸಿ, ಕರಿದು, ಪಾಕದಲ್ಲಿ ಅದ್ದಿದ ಮಲಪುರಿಯೇ.

ಅಂಗಡಿಗೆ ಹೋದಾಗ ಮೊದಲು ನೋಡಬೇಕಾದ್ದು

ಒಳಗೆ ಹೋದ ಕೂಡಲೇ ಕಣ್ಣು ಗಾಜಿನ ಕಪಾಟಿನ ಮೇಲೆ ಹೋಗುತ್ತದೆ. ಅದಕ್ಕೂ ಮುಂಚೆ ಗೋಡೆ ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ, ನೋಂದಣಿ ಅಥವಾ ಲೈಸೆನ್ಸ್ ಪ್ರತಿ ಗ್ರಾಹಕರಿಗೆ ಕಾಣುವಂತೆ ಹಾಕಿರಬೇಕು. ಅದರಲ್ಲಿ 14 ಅಂಕಿಯ ಸಂಖ್ಯೆ ಇರುತ್ತದೆ. 2022ರ ಜನವರಿ 1ರಿಂದ ಈ ಸಂಖ್ಯೆ ಬಿಲ್ಲಿನ ಮೇಲೂ ಇರಬೇಕು ಎಂಬುದು ಕಡ್ಡಾಯ.

ಎರಡನೆಯದು, ತಟ್ಟೆಯ ಮುಂದಿನ ಚೀಟಿ. ಬಿಡಿಯಾಗಿ ಮಾರುವ ಮಿಠಾಯಿಗೆ ‘ಇಂಥ ದಿನಾಂಕದ ಒಳಗೆ ತಿನ್ನಿ’ ಎಂಬ ಚೀಟಿ ಇಡುವುದು 2020ರ ಅಕ್ಟೋಬರ್ 1ರಿಂದ ಕಡ್ಡಾಯ. ತಯಾರಿಸಿದ ದಿನಾಂಕ ಹಾಕುವುದು ಅಂಗಡಿಯವರ ಇಚ್ಛೆಗೆ ಬಿಟ್ಟದ್ದು. ಆದರೆ ಕೇಳಲು ನಿಮಗೆ ಅಡ್ಡಿಯಿಲ್ಲ.

ಕೌಂಟರ್‌ನಲ್ಲಿ ಮಾತು ಹೀಗಿರಲಿ:

‘ಅಣ್ಣಾ, ಇದು ಯಾವಾಗ ಮಾಡಿದ್ದು? ಇಲ್ಲೇ ಮಾಡ್ತೀರೋ, ಹೈದರಾಬಾದಿಂದ ತರಸ್ತೀರೋ?’

‘ತುಪ್ಪದ್ದಾ, ಬೆಣ್ಣಿದಾ, ಡಾಲ್ಡಾದ್ದಾ?’

‘ಒಳಗ ಬರೇ ಪಿಸ್ತಾನಾ, ಗೋಡಂಬಿ ಶೇಂಗಾ ಏನರೆ ಕೂಡಿಸೀರಾ?’

‘ತತ್ತಿ ಹಾಕ್ತೀರಾ?’

ನಾಲ್ಕು ಪ್ರಶ್ನೆಗೆ ನೇರ ಉತ್ತರ ಬಂದರೆ ಅಂಗಡಿ ಬಹುತೇಕ ನೆಟ್ಟಗಿದೆ ಎಂದೇ ಅರ್ಥ. ‘ಎಲ್ಲಾ ಇಂಪೋರ್ಟೆಡ್ ಮಾಲ್ ರೀ’ ಎಂಬುದು ಉತ್ತರವಲ್ಲ. ಹೊರದೇಶದ ಪೊಟ್ಟಣವಾದರೆ ಅದರ ಮೇಲೆ ಭಾರತದ ಆಮದುದಾರರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಸಂಖ್ಯೆ, ಎಂಆರ್‌ಪಿ, ಯಾವ ದೇಶದ್ದು ಎಂಬುದೆಲ್ಲ ಅಚ್ಚಾಗಿರಬೇಕು. 2025ರ ಮೇ ತಿಂಗಳಲ್ಲಿ ದೇಶದ ಹಲವು ವ್ಯಾಪಾರಿ ಸಂಘಟನೆಗಳು ಟರ್ಕಿ ಸರಕು ಮಾರುವುದಿಲ್ಲ ಎಂದು ತೀರ್ಮಾನಿಸಿದ್ದು ನೆನಪಿರಬಹುದು. ಆಗ ಹಲವರು ‘ಟರ್ಕಿ’ ಎಂಬ ಹೆಸರಿಗೇ ಬೆದರಿದರು. ಆದರೆ ಹೆಸರು ಬೇರೆ, ಮೂಲ ಬೇರೆ. ಇಲ್ಲಿನ ಹಿಟ್ಟು, ಇಲ್ಲಿನ ತುಪ್ಪದಲ್ಲಿ ಇಲ್ಲಿಯವರೇ ಮಾಡಿದ ಬಕ್ಲಾವಾ ಇಲ್ಲಿನ ಸರಕೇ. ಗೊತ್ತಾಗಬೇಕಾದರೆ ಲೇಬಲ್ ಓದಬೇಕು.

ಪಿಸ್ತಾ ಅಂದ್ರ ಪಿಸ್ತಾನೇ ಇರಬೇಕು

ಈ ಮಿಠಾಯಿಗಳ ಬೆಲೆ ಏರುವುದೇ ಪಿಸ್ತಾದಿಂದ. ಪಿಸ್ತಾ ಬಹುತೇಕ ಹೊರದೇಶದಿಂದಲೇ ಬರಬೇಕು. ಹಾಗಾಗಿ ಮೋಸಕ್ಕೂ ಇಲ್ಲೇ ಜಾಗ. ಶೇಂಗಾ ಬೀಜವನ್ನು ಹಸಿರು ಬಣ್ಣದಲ್ಲಿ ನೆನೆಸಿ, ಒಣಗಿಸಿ, ಕತ್ತರಿಸಿ ಪಿಸ್ತಾ ಎಂದು ಮಾರಿದ ಪ್ರಕರಣಗಳು ದೇಶದ ಬೇರೆ ನಗರಗಳಲ್ಲಿ ಸಿಕ್ಕಿವೆ.

ಖರೇ ಪಿಸ್ತಾ ಒಂದೇ ಸಮನೆ ಗಿಳಿ ಹಸಿರಾಗಿರುವುದಿಲ್ಲ. ಹೊರಗೆ ನೇರಳೆ ಮಿಶ್ರಿತ ಸಿಪ್ಪೆ, ಒಳಗೆ ಹಳದಿ ಕಡೆಗೆ ವಾಲಿದ ಹಸಿರು. ಸಂಶಯ ಬಂದರೆ ಮೇಲೆ ಉದುರಿಸಿದ ನಾಲ್ಕು ಚೂರನ್ನು ಮನೆಯಲ್ಲಿ ಬಿಳಿ ಬಟ್ಟಲಿನ ನೀರಿಗೆ ಹಾಕಿ ನೋಡಿ. ನೀರು ಕಡು ಹಸಿರಾದರೆ ಬಣ್ಣ ಹಾಕಿದ್ದಾರೆ ಎಂದು ಅನುಮಾನಿಸಬಹುದು. ಇದು ಮನೆಮಟ್ಟದ ಪರೀಕ್ಷೆ ಅಷ್ಟೇ. ಖಚಿತವಾಗಿ ಹೇಳುವುದು ಪ್ರಯೋಗಾಲಯ.

ಇದು ಬರೀ ದುಡ್ಡಿನ ವಿಷಯವೂ ಅಲ್ಲ. ಶೇಂಗಾ ಅಲರ್ಜಿ ಇರುವ ಮಗು ಪಿಸ್ತಾ ಎಂದು ನಂಬಿ ಒಂದು ತುಂಡು ತಿಂದರೆ ಮುಖ ಊದಿ ಉಸಿರು ಕಟ್ಟುವ ಅಪಾಯ ಇದೆ. ಹಾಗೆ ಆದರೆ ಮನೆಮದ್ದು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಒಯ್ಯಬೇಕು, 108ಕ್ಕೆ ಫೋನ್ ಮಾಡಬೇಕು. ಅಂಗಡಿಕಾರರು ‘ಸ್ವಲ್ಪ ಕೂಡಿಸಿದರೆ ಯಾರಿಗೆ ಗೊತ್ತಾಗ್ತದ’ ಎನ್ನುವ ಮುಂಚೆ ಇದನ್ನು ಯೋಚಿಸಬೇಕು. ಶೇಂಗಾ ಹಾಕುವುದು ತಪ್ಪಲ್ಲ. ಶೇಂಗಾ ಬಕ್ಲಾವಾ ಎಂದೇ ಬೋರ್ಡ್ ಹಾಕಿ ಕಡಿಮೆ ದರಕ್ಕೆ ಮಾರಿದರೆ ಶೇಂಗಾ ಹೋಳಿಗೆ ಉಣ್ಣುವ ನಮ್ಮ ಜನ ಬೇಡ ಎನ್ನುವುದಿಲ್ಲ.

ಬಣ್ಣದ ವಿಷಯದಲ್ಲಿ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣವಂತೂ ಯಾವ ತಿನಿಸಿಗೂ ಸಲ್ಲದು. ಗುಲಾಬಿ ಬಣ್ಣದ ಲೋಕುಮ್ ಕಣ್ಣಿಗೆ ಹೊಡೆಯುವಷ್ಟು ಕೆಂಪಗಿದ್ದರೆ ಬಿಟ್ಟು ಮುಂದೆ ಹೋಗಿ.

ಸಸ್ಯಾಹಾರಿಗಳು ಕೇಳಬೇಕಾದ ಮಾತು

ಸಾಂಪ್ರದಾಯಿಕ ಲೋಕುಮ್‌ಗೆ ಪಿಷ್ಟ ಮಾತ್ರ ಸಾಕು. ಆದರೆ ಬೇಗ ಮಾಡಲು ಕೆಲವರು ಜಿಲೆಟಿನ್ ಬಳಸುತ್ತಾರೆ. ಜಿಲೆಟಿನ್ ಪ್ರಾಣಿಯ ಚರ್ಮ, ಎಲುಬಿನಿಂದ ಬರುವುದು. ಕುನಾಫಾದ ಚೀಸ್ ಮಾಡಲು ಬಳಸುವ ರೆನ್ನೆಟ್ ಕೂಡ ಕೆಲವೊಮ್ಮೆ ಪ್ರಾಣಿಮೂಲದ್ದು. ಬಕ್ಲಾವಾ ಹಾಳೆಯ ಹಿಟ್ಟಿಗೆ ತತ್ತಿ ಹಾಕುವ ಪದ್ಧತಿಯೂ ಇದೆ.

ಶರಣಬಸವೇಶ್ವರ ಜಾತ್ರೆಗೆ ಬಂದ ಲಿಂಗಾಯತ ಕುಟುಂಬಕ್ಕೆ ಇದು ಮುಖ್ಯ. ಬಂದೇ ನವಾಜ್ ಉರುಸಿಗೆ ಬಂದ ಮುಸ್ಲಿಂ ಕುಟುಂಬಕ್ಕೂ ಅಷ್ಟೇ ಮುಖ್ಯ. ಜಿಲೆಟಿನ್ ಯಾವ ಪ್ರಾಣಿಯದ್ದು ಎಂಬುದು ಅವರಿಗೂ ಬೇಕು. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಮಾಂಸಾಹಾರದ ಗುರುತು ಈಗ ಚೌಕದೊಳಗಿನ ಕಂದು ತ್ರಿಕೋನ. ತತ್ತಿ ಇದ್ದರೂ ಅದೇ ಗುರುತು. ಬಿಡಿ ಮಾಲಿಗೆ ಗುರುತು ಕಾಣದಿದ್ದರೆ ಬಾಯಿಬಿಟ್ಟು ಕೇಳುವುದೇ ದಾರಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಒಂದು ಮಾತು. ‘ಜೇನುತುಪ್ಪದ್ದು, ಏನೂ ಆಗಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟರ್ಕಿ ಬಕ್ಲಾವಾಕ್ಕೆ ಸಾಮಾನ್ಯವಾಗಿ ಹಾಕುವುದು ಸಕ್ಕರೆ ಪಾಕವೇ. ಜೇನಾದರೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ.

ತೂಕ, ಡಬ್ಬಿ, ಬಿಲ್ಲು

ಮಿಠಾಯಿ ಅಂಗಡಿಯಲ್ಲಿ ಜಗಳ ಹೆಚ್ಚು ಹುಟ್ಟುವುದು ಡಬ್ಬಿ ತೂಕದ ಮೇಲೆ. 2009ರ ಕಾನೂನು ಮಾಪನ ಶಾಸ್ತ್ರ ಕಾಯ್ದೆ ಪ್ರಕಾರ ಗ್ರಾಹಕರಿಗೆ ಸಿಗಬೇಕಾದ್ದು ಸರಕಿನ ನಿವ್ವಳ ತೂಕ. ಡಬ್ಬಿ ಸೇರಿಸಿ ತೂಗುವಂತಿಲ್ಲ.

ಲೆಕ್ಕ ಹಾಕಿ ನೋಡಿ. ಕಿಲೋಗೆ 1,200 ರೂಪಾಯಿ ದರದ ಬಕ್ಲಾವಾ ಎಂದುಕೊಳ್ಳೋಣ. ದಪ್ಪ ರಟ್ಟಿನ ಡಬ್ಬಿ 60 ಗ್ರಾಂ ಇದ್ದರೆ, ಡಬ್ಬಿ ಸೇರಿಸಿ ತೂಗಿದಾಗ ನೀವು ರಟ್ಟಿಗೆ ಕೊಟ್ಟದ್ದು 72 ರೂಪಾಯಿ. ದಿನಕ್ಕೆ 50 ಡಬ್ಬಿ ಹೋದರೆ 3,600 ರೂಪಾಯಿ. ಖಾಲಿ ಡಬ್ಬಿ ಇಟ್ಟು ತಕ್ಕಡಿಯನ್ನು ಸೊನ್ನೆ ಮಾಡಿ ಆಮೇಲೆ ತುಂಡು ಇಡಲು ಹೇಳಿ. ಪೀಸ್ ಲೆಕ್ಕದಲ್ಲಿ ಮಾರಿದರೆ ಒಂದು ಪೀಸ್ ಎಷ್ಟು ಗ್ರಾಂ ಎಂದು ಕೇಳಿ. ಪಾಕ ತಳದಲ್ಲಿ ನಿಂತಿದ್ದರೆ ಅದೂ ತೂಕಕ್ಕೆ ಬರುತ್ತದೆ ಎಂಬುದು ಗಮನದಲ್ಲಿರಲಿ.

ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದರೆ ಅಂಗಡಿಯ ಜಿಎಸ್‌ಟಿ ಸಂಖ್ಯೆಯೂ ಇರಬೇಕು. ಕೇಕ್, ಪೇಸ್ಟ್ರಿ, ಬಿಸ್ಕತ್ತು, ಚಾಕೊಲೇಟ್ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಇನ್ನೂ ಶೇ 18 ಹಾಕಿದ ಬಿಲ್ ಕೊಟ್ಟರೆ ಕೇಳಿ. ಕಾಂಪೋಸಿಷನ್ ಯೋಜನೆಯಲ್ಲಿರುವ ಅಂಗಡಿ ಗ್ರಾಹಕರಿಂದ ಪ್ರತ್ಯೇಕವಾಗಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ.

ಕಮಲಾಪುರಕ್ಕೆ ಒಯ್ಯುವುದಾದರೆ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಕೇಂದ್ರ ಬಸ್ ನಿಲ್ದಾಣದಲ್ಲಿ ಹುಮನಾಬಾದ್ ಕಡೆಯ ಬಸ್ಸಿಗೆ ಕಾದು, ಸೀಟು ಸಿಕ್ಕು, ಕಮಲಾಪುರದಲ್ಲಿ ಇಳಿದು, ಅಲ್ಲಿಂದ ಹಳ್ಳಿಗೆ ಆಟೋ ಹಿಡಿಯುವಷ್ಟರಲ್ಲಿ ಎರಡು ತಾಸು ಸುಲಭವಾಗಿ ಹೋಗುತ್ತವೆ. ಇಷ್ಟು ಹೊತ್ತು ಯಾವುದು ತಡೆಯುತ್ತದೆ?

ಒಣ ಬಕ್ಲಾವಾ ತಡೆಯುತ್ತದೆ. ತುಪ್ಪ, ಸಕ್ಕರೆ ಹೆಚ್ಚು, ನೀರಿನಂಶ ಕಡಿಮೆ. ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ, ಬಿಸಿಲು ತಾಗದಂತೆ ಒಯ್ದರೆ ಸಾಕು. ಮನೆಯಲ್ಲಿ ಹೊರಗೇ ಇಡಿ. ಫ್ರಿಜ್‌ನಲ್ಲಿಟ್ಟರೆ ತುಪ್ಪ ಹೆಪ್ಪುಗಟ್ಟಿ ಪದರ ಮೆತ್ತಗಾಗುತ್ತದೆ. ಇರುವೆ ಬರದ ಹಾಗೆ ನೋಡಿಕೊಳ್ಳಿ.

ಲೋಕುಮ್ ಕೂಡ ತಡೆಯುತ್ತದೆ. ಆದರೆ ಮಳೆಗಾಲದ ತೇವಕ್ಕೆ ಜಿಗುಟಾಗುತ್ತದೆ.

ಕುನಾಫಾ, ಕೆನೆ ತುಂಬಿದ ಬಕ್ಲಾವಾ, ಸುತ್ಲಾಚ್ ತಡೆಯುವುದಿಲ್ಲ. ಹಾಲು, ಚೀಸ್, ಕೆನೆ ಇರುವ ಯಾವುದನ್ನೂ ಬೇಸಿಗೆಯಲ್ಲಿ ಬಸ್ಸಿನಲ್ಲಿ ಒಯ್ಯಬೇಡಿ. ಒಯ್ಯಲೇಬೇಕಾದರೆ ಐಸ್ ಇಟ್ಟ ಪೆಟ್ಟಿಗೆ ಬೇಕು. ಹುಳಿ ವಾಸನೆ ಬಂದರೆ ದುಡ್ಡು ಹೋಯಿತೆಂದು ತಿನ್ನದೆ ಚೆಲ್ಲಿ.

ನಮ್ಮ ಮಿಠಾಯಿಗಳಿಗೂ ಪ್ರಾಧಿಕಾರದ ಮಾರ್ಗಸೂಚಿಯಲ್ಲಿ ದಿನಗಳ ಲೆಕ್ಕ ಇದೆ. ಕಲಾಕಂದ್ ಅದೇ ದಿನ ಮುಗಿಯಬೇಕು. ರಸಗುಲ್ಲಾ, ರಸಮಲಾಯಿಗೆ 2 ದಿನ. ಲಾಡು, ಖೋವಾ ಮಿಠಾಯಿಗೆ 4 ದಿನ. ತುಪ್ಪ, ಒಣಹಣ್ಣಿನ ಮಿಠಾಯಿಗೆ 7 ದಿನ. ಮಾವಾ ಹಾಕಿದ ಮಲಪುರಿಯನ್ನು ಊರಿಗೆ ಕಟ್ಟಿಸಿಕೊಂಡು ಹೋಗುವವರೂ ಈ ಲೆಕ್ಕ ನೆನಪಿಟ್ಟುಕೊಂಡು ಆದಷ್ಟು ಬೇಗ ತಿಂದು ಮುಗಿಸುವುದು ಒಳ್ಳೆಯದು.

ಮಾರಲು ಹೊರಟ ಅಂಗಡಿಕಾರರಿಗೆ

ಕಮಲಾಪುರ, ಮಹಾಗಾಂವ್ ಕಡೆಯ ಬೇಕರಿಯವರು ನಗರದಿಂದ ಟ್ರೇ ತಂದು ಹಬ್ಬಕ್ಕೆ ಮಾರಬಹುದಾ ಎಂದರೆ, ಮಾರಬಹುದು. ಆದರೆ ಈ ಕೆಲವು ಕೆಲಸ ಮೊದಲೇ ಮಾಡಿಕೊಳ್ಳಿ.

ಒಂದು, ನೋಂದಣಿ. ತಯಾರಿಸುವವರಷ್ಟೇ ಅಲ್ಲ, ತಂದು ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. 2011ರ ನಿಯಮಗಳಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ 100 ರೂಪಾಯಿ ವಾರ್ಷಿಕ ಶುಲ್ಕದ ಸರಳ ನೋಂದಣಿ ಇಟ್ಟಿದ್ದರು. ಅರ್ಜಿ ಹಾಕುವ ಮುನ್ನ ಈಗಿನ ಮಿತಿ, ಶುಲ್ಕವನ್ನು ಫೋಸ್ಕೋಸ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಅರ್ಜಿ ಅಲ್ಲೇ ಆನ್‌ಲೈನ್ ಹಾಕಬೇಕು. ಏಜೆಂಟರಿಗೆ ಸಾವಿರಗಟ್ಟಲೆ ಕೊಡುವ ಅಗತ್ಯ ಇಲ್ಲ.

ಎರಡು, ಖರೀದಿ ಬಿಲ್. ಯಾರಿಂದ ತಂದಿರಿ ಎಂಬುದಕ್ಕೆ ಕಾಗದ ಇಲ್ಲದಿದ್ದರೆ ಮಾಲು ಕೆಟ್ಟಾಗ ಹೊಣೆ ಪೂರ್ತಿ ನಿಮ್ಮ ಮೇಲೇ ಬರುತ್ತದೆ. ತಯಾರಾದ ದಿನವನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಮೂರು, ಎಣ್ಣೆ ಮತ್ತು ಕೊಬ್ಬು. 2022ರ ಜನವರಿಯಿಂದ ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಶೇ 2 ದಾಟುವಂತಿಲ್ಲ. ತುಲುಂಬಾ, ಮಲಪುರಿಯಂಥ ಕರಿದ ತಿನಿಸಿನ ಎಣ್ಣೆಯಲ್ಲಿ ಟಿಪಿಸಿ ಪ್ರಮಾಣ ಶೇ 25 ದಾಟಿದರೆ ಆ ಎಣ್ಣೆ ಮತ್ತೆ ಬಳಸುವಂತಿಲ್ಲ. ಎಣ್ಣೆ ಕಪ್ಪಾಗಿ, ನೊರೆ ಬಂದು, ಹೊಗೆ ಬೇಗ ಏಳುತ್ತಿದ್ದರೆ ಅದನ್ನು ಬಿಟ್ಟುಬಿಡಿ.

ನಾಲ್ಕು, ಮಾವಾ. ಹೊರಗಿನಿಂದ ಮಾವಾ ತರಿಸುವವರು ಸ್ವಲ್ಪ ಮಾವಾವನ್ನು ನೀರಿನಲ್ಲಿ ಕುದಿಸಿ, ಆರಿಸಿ, ಎರಡು ಹನಿ ಟಿಂಚರ್ ಅಯೋಡಿನ್ ಹಾಕಿ ನೋಡಬಹುದು. ನೀಲಿಯಾದರೆ ಪಿಷ್ಟ ಕಲಸಿದ್ದಾರೆ. ಮೈದಾ ಕೂಡಿಸಿದ ಮೇಲೆ ಈ ಪರೀಕ್ಷೆಗೆ ಅರ್ಥವಿಲ್ಲ, ಮಾವಾ ಬರೀ ಮಾವಾ ಇರುವಾಗಲೇ ಮಾಡಿ.

ಐದು, ವಹಿವಾಟಿನ ಲೆಕ್ಕ. 2025ರ ಜುಲೈನಲ್ಲಿ ಯುಪಿಐ ಜಮೆ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು ಎಷ್ಟು ಗಾಬರಿಯಾದರು ಎಂಬುದು ಎಲ್ಲರಿಗೂ ಗೊತ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಮನೆ ಖರ್ಚಿನ, ಸಾಲದ ದುಡ್ಡು ಮತ್ತು ಅಂಗಡಿ ದುಡ್ಡು ಒಂದೇ ಖಾತೆಗೆ ಬೀಳದಂತೆ ನೋಡಿಕೊಂಡರೆ ಅರ್ಧ ತಲೆನೋವು ಕಡಿಮೆ.

ಓವನ್, ಹಿಟ್ಟು ಲಟ್ಟಿಸುವ ಯಂತ್ರ ಕೊಳ್ಳಲು ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ, ಅಂದರೆ ಪಿಎಂಎಫ್‌ಎಂಇ, ಅಡಿಯಲ್ಲಿ ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುತ್ತಿದ್ದಾರೆ. ಕೇಂದ್ರದ ಪಾಲು ಶೇ 35, ರಾಜ್ಯದ ಪಾಲು ಶೇ 15, ಒಟ್ಟು ಗರಿಷ್ಠ 15 ಲಕ್ಷ ರೂಪಾಯಿ. ಅರ್ಜಿ ಈಗ ತೆಗೆದುಕೊಳ್ಳುತ್ತಿದ್ದಾರಾ ಎಂದು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿಕೊಳ್ಳಿ.

ಅವರ ಬಕ್ಲಾವಾ, ನಮ್ಮ ಕೆಂಪು ಬಾಳೆ

ಟರ್ಕಿಯವರಿಂದ ಕಲಿಯಬೇಕಾದ್ದು ಪಾಕದ ಹದ ಮಾತ್ರವಲ್ಲ. ಟರ್ಕಿಯ ದಕ್ಷಿಣದಲ್ಲಿ ಗಾಜಿಯಾಂಟೆಪ್ ಎಂಬ ಊರಿದೆ. ಪಿಸ್ತಾ ಬೆಳೆಯುವ ಪ್ರದೇಶ ಅದು. ಅಲ್ಲಿನ ಮಿಠಾಯಿಗಾರರು ಒಟ್ಟಾಗಿ ತಮ್ಮ ‘ಆಂಟೆಪ್ ಬಕ್ಲಾವಾ’ಕ್ಕೆ ಭೌಗೋಳಿಕ ಗುರುತು ಪಡೆದರು. 2013ರಲ್ಲಿ ಐರೋಪ್ಯ ಒಕ್ಕೂಟದ ರಕ್ಷಣೆಯೂ ಸಿಕ್ಕಿತು. ಆ ಪಟ್ಟಿಗೆ ಸೇರಿದ ಮೊದಲ ಟರ್ಕಿ ಉತ್ಪನ್ನ ಅದು. ಹಾಳೆ ಹೇಗಿರಬೇಕು, ಯಾವ ಪಿಸ್ತಾ, ಯಾವ ತುಪ್ಪ ಎಂಬುದೆಲ್ಲ ಬರವಣಿಗೆಯಲ್ಲಿದೆ. ಅದಕ್ಕೆ ತಪ್ಪಿದರೆ ಆ ಹೆಸರಿನಲ್ಲಿ ಅಲ್ಲಿ ಮಾರುವಂತಿಲ್ಲ.

ಅಂಥದೇ ಗುರುತು ನಮ್ಮ ಕಮಲಾಪುರದ ಕೆಂಪು ಬಾಳೆಗೂ ಇದೆ. 2019ರಲ್ಲಿ ಕಲಬುರಗಿ ತೊಗರಿಬೇಳೆಗೂ ಬಂತು. ಮಿಠಾಯಿಯಲ್ಲಿ ಧಾರವಾಡ ಪೇಡಾಕ್ಕೆ ಎಂದೋ ಸಿಕ್ಕಿದೆ. ಆದರೆ ಗುರುತು ಸಿಕ್ಕರೆ ಸಾಲದು, ಬಳಸಿಕೊಳ್ಳಬೇಕು. 1999ರ ಜಿಐ ಕಾಯ್ದೆ ಪ್ರಕಾರ ಬೆಳೆಗಾರರು ‘ಅಧಿಕೃತ ಬಳಕೆದಾರ’ ಎಂದು ಹೆಸರು ನೋಂದಾಯಿಸಿಕೊಂಡರೆ ಮಾತ್ರ ಆ ಗುರುತನ್ನು ತಮ್ಮ ಪೆಟ್ಟಿಗೆ ಮೇಲೆ ಹಾಕಬಹುದು. ನೋಂದಣಿ ಕಚೇರಿ ಚೆನ್ನೈನಲ್ಲಿದೆ. ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ.

ಕೆಂಪು ಬಾಳೆಗೆ ಸಾಮಾನ್ಯ ಬಾಳೆಗಿಂತ ಹೆಚ್ಚು ತಿಂಗಳು ಬೇಕು, ನೀರು, ಗೊಬ್ಬರ, ಕಾವಲು ಎಲ್ಲ ಹೆಚ್ಚು. ಹಾಗಾಗಿ ಬೆಲೆಯೂ ಹೆಚ್ಚು. ಹೊರಗಿನ ಕೆಂಪು ಬಾಳೆ ತಂದು ‘ಕಮಲಾಪುರದ್ದು’ ಎಂದು ಮಾರಿದರೆ ಹೊಡೆತ ಬೀಳುವುದು ವರ್ಷಗಟ್ಟಲೆ ಕಾದ ರೈತನಿಗೆ. ಶೇಂಗಾವನ್ನು ಪಿಸ್ತಾ ಎಂದು ಮಾರುವುದಕ್ಕೂ ಇದಕ್ಕೂ ವ್ಯತ್ಯಾಸ ಏನೂ ಇಲ್ಲ.

ಮಲಪುರಿ ಮಾಡುವ ಮನೆತನದವರು, ಬಾಣಲೆ ಮುಂದೆ ನಿಂತ ಕೈಗಳು ನಗರದಲ್ಲಿ ಇನ್ನೂ ಇವೆ. ಮಾವಾ ಎಷ್ಟು, ತುಪ್ಪ ಎಷ್ಟು, ಪಾಕ ಯಾವ ಹದ ಎಂಬುದನ್ನು ಅವರೇ ಕೂತು ಬರೆದಿಟ್ಟರೆ ಮುಂದಿನ ತಲೆಮಾರಿಗೆ ಕೈಹಿಡಿಯುತ್ತದೆ. ಗಾಜಿಯಾಂಟೆಪ್‌ನವರು ಮೊದಲು ಮಾಡಿದ ಕೆಲಸವೂ ಅದೇ.

ದೂರು ಕೊಡಬೇಕಾದರೆ

ಕೆಟ್ಟ ಮಾಲು, ಬಣ್ಣ, ಹುಳು, ಅವಧಿ ಮುಗಿದ ಸರಕು ಕಂಡರೆ ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800-11-2100ಕ್ಕೆ ಫೋನ್ ಮಾಡಿ, ಇಲ್ಲವೇ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಫೋಟೊ ಹಾಕಿ. ಜಿಲ್ಲಾ ಆಹಾರ ಸುರಕ್ಷತಾ ಅಂಕಿತ ಅಧಿಕಾರಿ ಕಚೇರಿಗೂ ಲಿಖಿತ ದೂರು ಕೊಡಬಹುದು. ತೂಕದಲ್ಲಿ ಮೋಸವಾದರೆ ಕಾನೂನು ಮಾಪನ ಶಾಸ್ತ್ರ ಇಲಾಖೆಗೆ. ದರ, ಬಿಲ್ಲಿನ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಲ್ಲಕ್ಕೂ ಬಿಲ್ ಬೇಕು. ಹಾಗಾಗಿ ಒಂದೇ ಪೀಸ್ ಕೊಂಡರೂ ಬಿಲ್ ಕೇಳಿ ಇಸಿದುಕೊಳ್ಳಿ.

ಮೊದಲ ಸಲ ಹೋಗುವವರಿಗೆ ಇಷ್ಟು ಸಾಕು: ಒಂದು ಪೀಸ್ ಪಿಸ್ತಾ ಬಕ್ಲಾವಾ, ನಾಲ್ಕು ಜನಕ್ಕೆ ಒಂದು ತಟ್ಟೆ ಬಿಸಿ ಕುನಾಫಾ. ಸಿಹಿ ಬಹಳ ಗಟ್ಟಿ, ಜೊತೆಗೆ ಸಕ್ಕರೆ ಇಲ್ಲದ ಚಹಾ ಹೇಳಿ. ರುಚಿ ಹಿಡಿಸಿದರೆ ಮನೆಗೆ ಪಾವ್ ಕಿಲೋ ಒಣ ಬಕ್ಲಾವಾ ಕಟ್ಟಿಸಿ. ಹಿಡಿಸದಿದ್ದರೆ ಮಲಪುರಿ ಅಂಗಡಿ ಎಲ್ಲಿದೆ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ.